ಐವತ್ತಮೂರು ಜನ ಹಾಕ್ಸ್‌ಗಿಲ್ಲರು

...ಇರಲಿ ಈನಿಡ್, ಮೊದಲು ಬಾಗಿಲು ಹಾಕು. ಇಲ್ಲಿ ಆಗಿರೋ ಅನಾಹುತ ನಿನಗೆ ಗೊತ್ತಿಲ್ಲ. ಸ್ಕಿಪ್ಟನ್ ಊರಿನಿಂದ ಒಬ್ಬ ಮನುಷ್ಯ ಕಾಣೆಯಾಗಿದಾನೆ! ನಿನ್ನೆ ಸಂಜೆ ಇದ್ದ. ಬೆಳಗ್ಗೆ ಎದ್ದು ನೋಡ್ತೀನಿ, ಇಲ್ಲ... ಪೊಲೀಸರಿಗೆ ಹೇಳಿ ಏನು ಮಾಡ್ಲಿ? ಅವನು ಸತ್ತು ನೂರಿಪ್ಪತ್ತು ವರ್ಷ ಆಯ್ತು. ಪಿನ್ನು, ಮಾರಾಯ್ತಿ, ಪಿನ್ನು! ಗೋಡೆ ಮೇಲಿನ ನಕ್ಷೆ ನೋಡು. ಒಂದು ಪಿನ್ನು ಅಂದ್ರೆ ಒಬ್ಬ ಹಾಕ್ಸ್‌ಗಿಲ್. ಸಾವಿರದ ಎಂಟುನೂರ ಎಂಬತ್ತೊಂದರ ಜನಗಣತಿ ಪ್ರಕಾರ ಇಡೀ ಇಂಗ್ಲೆಂಡಿನಲ್ಲಿ ನಮ್ಮ ಮನೆತನದ ಹೆಸರಿನೋರು ಐವತ್ತಮೂರು ಜನ. ಈಗ ಎಣಿಸಿದ್ರೆ ಐವತ್ತೆರಡು.

ಗೊತ್ತು, ಗೊತ್ತು. ನೀನು ಬಂದಿರೋದು ನಿಮ್ಮಕ್ಕನ ಕಾಗದಕ್ಕೆ ಸಹಿ ಹಾಕಿಸ್ಕೊಳ್ಳೋಕೆ. ಗಂಡನ ಸಹಿ ಇಲ್ದೆ ಆ ವೃದ್ಧಾಶ್ರಮದೋರು ಮ್ಯೂರಿಯಲ್‌ನ ಹೊರಗೆ ಬಿಡಲ್ಲ, ನೀನು ಅವಳನ್ನ ವಿಟ್ಬಿಗೆ, ನಿನ್ನ ಮನೆಗೆ ಕರ್ಕೊಂಡು ಹೋಗ್ಬೇಕು. ಫೋನಿನಲ್ಲಿ ನಾಲ್ಕು ಸಲ ಹೇಳಿದೀಯ. ನಾನೂ ನಾಲ್ಕು ಸಲ ಬೇಡ ಅಂದಿದೀನಿ. ಅಲ್ಲಿ ಏನು ಕಡಿಮೆ ಅವಳಿಗೆ? ಕಿಟಕಿ ಇದೆ. ಕಿಟಕಿಯಾಚೆ ಕಾರು ನಿಲ್ಲಿಸೋ ಜಾಗ ಇದೆ. ಹೋದ ಸಲ ನಾನು ಹೋದಾಗ, ನನ್ನನ್ನ ಅಂಚೆಯವನು ಅಂದ್ಕೊಂಡು, ‘ನನಗೇನಾದ್ರೂ ಕಾಗದ ಬಂದಿದೆಯಾ?’ ಅಂತ ಕೇಳಿದ್ಲು. ಇಲ್ಲ ಅಂದೆ... ಯಾವಾಗ ಅಂತಾನಾ? ಈಸ್ಟರ್ ಹಬ್ಬಕ್ಕೆ... ಯಾವ ಈಸ್ಟರ್ ಅಂದ್ರೆ? ಈಸ್ಟರ್ ಈಸ್ಟರೇ!

ಆ ಕುರ್ಚಿ ಬೇಡ. ಅದು ಶ್ರೀಮತಿ ಪಿಕರ್ಸ್‌ಗಿಲ್ ಅವರದು. ನಮ್ಮ ಮನೆತನದ ಹೆಸರು ಹುಡುಕೋ ಸಂಘದ ಕಾರ್ಯದರ್ಶಿ. ಗುರುವಾರ ನಾಲ್ಕು ಗಂಟೆಗೆ ಬರ್ತಾರೆ, ಪಟ್ಟಿಗಳನ್ನ ಅಕ್ಷರಮಾಲೆ ಪ್ರಕಾರ ಜೋಡಿಸ್ತಾರೆ. ಪಾಪ, ವಿಧವೆ. ಬಹಳ ಚೆನ್ನಾಗಿ ಜೋಡಿಸ್ತಾರೆ... ಮುಖ ಯಾಕೆ ಹಾಗೆ ಮಾಡ್ತೀಯ? ಶುಂಠಿ ಕೇಕು ತಿನ್ನು, ಅವರೇ ಮಾಡಿದ್ದು.

ಇಷ್ಟು ದೂರ ಬಂದಿದೀಯ, ಬರಿಗೈಲಿ ಹೋಗ್ಬೇಡ, ಫೈಲು ನೋಡು. ಮೂವತ್ತು ವರ್ಷದ ಕೆಲಸ. ಯಾರು, ಎಲ್ಲಿ, ಏನು ಕಸುಬು, ಎಲ್ಲಾ ಇದೆ. ಐವತ್ತಮೂರರಲ್ಲಿ ನಲವತ್ತೊಂದು ಜನ ಈ ಕೀತ್ಲಿ ಸುತ್ತ ಹತ್ತು ಮೈಲಿಯೊಳಗೇ ಹುಟ್ಟಿ, ಇಲ್ಲೇ ಸತ್ತರು. ಉಣ್ಣೆ ಬಾಚೋರು ಹನ್ನೆರಡು. ಮಗ್ಗದೋರು ಒಂಬತ್ತು. ಚಿಂದಿ ಆಯೋನು ಒಬ್ಬ, ಅವನನ್ನ ಬಟ್ಟೆ ವ್ಯಾಪಾರಿ ಅಂತ ಬರ್ಕೊಂಡಿದೀನಿ. ಇಲ್ಲಿ ನೋಡು, ಮಾರ್ಥಾ: ಹನ್ನೊಂದು ಮಕ್ಕಳು, ಕಸುಬು ಕಾಲಂ ಖಾಲಿ! ಕೆಲಸ ಇಲ್ಲದವಳು, ಪಾಪ, ಹೊತ್ತು ಹೇಗೆ ಕಳೀತಿದ್ಲೋ... ನಗಲ್ವಾ? ಸಂಘದಲ್ಲಿ ಎಲ್ಲರೂ ನಗ್ತಾರೆ.

ಸರಿ, ಇದಕ್ಕಾದ್ರೂ ನಗ್ತೀಯ. ಜೇಬೆಜ್ ಹಾಕ್ಸ್‌ಗಿಲ್, ನನ್ನ ಮುತ್ತಜ್ಜ. ಕುದುರೆ ಜೀನು ಹೊಲಿಯೋನು. ಸಾವಿರದ ಎಂಟುನೂರ ಐವತ್ತೊಂದರ ಗಣತಿಯಲ್ಲಿ ಹೆಂಡತಿ ಹ್ಯಾನಾ ಇದಾಳೆ. ಅರವತ್ತೊಂದರಲ್ಲಿ ಇಲ್ಲ. ಜೇಬೆಜನ ಹೆಸರಿನ ಮುಂದೆ ‘ವಿಧುರ’. ಮನೆಗೆಲಸಕ್ಕೆ ಸೇರಾ, ವಯಸ್ಸು ಇಪ್ಪತ್ತೆರಡು. ಎಪ್ಪತ್ತೊಂದರಲ್ಲಿ ಅದೇ ಸೇರಾ ಹೆಂಡತಿ, ಐದು ಮಕ್ಕಳು, ಕಸುಬು ಖಾಲಿ. ಸರಿ, ಹ್ಯಾನಾ ಸತ್ತಳು ಅಂದ್ಕೊಂಡು ನಾನು ಹದಿನಾಲ್ಕು ವರ್ಷ ಅವಳ ಸಾವು ಹುಡುಕಿದೆ. ಚರ್ಚಿನಲ್ಲಿಲ್ಲ, ಸ್ಮಶಾನದಲ್ಲಿಲ್ಲ. ಯಾಕೆ ಹೇಳು? ಸತ್ತೇ ಇರಲಿಲ್ಲ! ಜಿಲ್ಲೆಯ ಹುಚ್ಚಾಸ್ಪತ್ರೆಯಲ್ಲಿದ್ಲು. ಅಲ್ಲಿದ್ದೋರ ಹೆಸರು ಬರೀತಿರಲಿಲ್ಲ, ಮರ್ಯಾದೆಗೆ ಅಂತ ಬರೀ ಮೊದಲಕ್ಷರಗಳು. ‘ಹೆಚ್. ಹೆಚ್., ವಿವಾಹಿತೆ, ಜೀನು ಹೊಲಿಯುವವನ ಹೆಂಡತಿ.’ ಅರವತ್ತೊಂದು, ಎಪ್ಪತ್ತೊಂದು, ಎಂಬತ್ತೊಂದು... ಹತ್ತು ವರ್ಷಕ್ಕೊಂದು ಸಾಲು. ಎರಡು ಮೈಲಿ ಆಚೆ ಹೆಂಡತಿ ಗಂಜಿ ಕುಡೀತಿದಾಳೆ, ಈ ಮಹಾನುಭಾವ ಒಂದೇ ಒಂದು ಪದ ಬರ್ದು ಮಣ್ಣು ಮಾಡ್ಬಿಟ್ಟ. ಶವಪೆಟ್ಟಿಗೆ ಖರ್ಚೂ ಇಲ್ಲ! ಶಾಯಿಯ ಖರ್ಚು ಅಷ್ಟೇ!

ಅವಳ ಪಿನ್ನಾ? ಇಲ್ಲ, ಹಾಕಿಲ್ಲ. ಬರೀ ಎರಡು ಅಕ್ಷರ ಇದ್ರೆ ಅದು ಹೆಸರು ಅಂತ ಆಗಲ್ಲ. ಸಂಘದ ನಿಯಮ. ನಾನೇ ಮಾಡಿದ್ದು.

ಕೊನೇ ಕಾಗದ ತೆಗಿ. ಮೊನ್ನೆ ಮಾರ್ಚಿನ ಗಣತಿಯದು, ನನ್ನದೇ. ಸರ್ಕಾರಕ್ಕೆ ಕಳಿಸೋ ಮುಂಚೆ ನಕಲು ಮಾಡಿಟ್ಕೊಂಡೆ. ಬೇರೆಯೋರು ಯಾರೂ ಮಾಡಲ್ಲ, ಹೆಸರು ಹುಡುಕೋ ನಮ್ಮಂಥೋರು ಮಾತ್ರ. ಅಸಲು ನೂರು ವರ್ಷ ಬೀಗದೊಳಗೆ ಇರುತ್ತೆ, ಅಲ್ಲೀತನಕ ನನ್ನ ಹಿಂದೆ ಬರೋ ಹಾಕ್ಸ್‌ಗಿಲ್ಲರು ಪರದಾಡಬಾರದು, ಅಲ್ವಾ? ಕಸುಬಿನ ಕಡೆ ನೋಡು. ‘ನಿವೃತ್ತ ಗುಮಾಸ್ತ’ ಅಂತ ಹಾಕಿಲ್ಲ. ‘ಇತಿಹಾಸಕಾರ’! ಹೇಗಿದೆ?

ಆ ಪುಟ ಅಲ್ಲ... ಮುಂದಿನದು.

ಈನಿಡ್, ಮುಂದಿನದು.

...

ಅದು... ಆ ಗುರುತು ಹಾಕೋ ಚೌಕಗಳು ಎಷ್ಟು ಹತ್ತಿರ ಹತ್ತಿರ ಇವೆ ನೋಡು. ‘ವಿವಾಹಿತ’, ಅದರ ಕೆಳಗೇ ‘ವಿಧುರ’. ಕನ್ನಡಕ ಹಾಕಿರಲಿಲ್ಲ... ಹೌದು, ‘ಮನೆಯಲ್ಲಿರುವವರು: ಒಬ್ಬರು’ ಅಂತಾನೂ ಬರ್ದಿದೀನಿ. ಅದು ನಿಜ ತಾನೆ? ಅವಳು ಮನೆಯಲ್ಲಿ ಇಲ್ಲ ತಾನೆ?

ಬೈಯಿ ಬೇಕಾದ್ರೆ. ಬಂದಾಗ ಅಷ್ಟು ಕೂಗಾಡ್ತಿದ್ದೆಯಲ್ಲ!

ಶ್ರೀಮತಿ ಪಿಕರ್ಸ್‌ಗಿಲ್ ಅವರೇ ಕೇಳಿದ್ದು ಕಣೇ. ಎರಡು ವರ್ಷದ ಹಿಂದೆ, ಮೊದಲನೇ ಗುರುವಾರ. ‘ನಿಮ್ಮ ಮನೆಯವರು ಹೋಗಿ ಬಹಳ ದಿನ ಆಯ್ತಾ?’ ಅಂದ್ರು. ಹೋಗಿ ಅಂದ್ರೆ... ಹೋಗಿದ್ದಳಲ್ಲ, ಆಂಬುಲೆನ್ಸಿನಲ್ಲಿ. ಹೌದು ಅಂದೆ. ಮುಂದಿನ ಗುರುವಾರ ಈ ಕೇಕು ಮಾಡ್ಕೊಂಡು ಬಂದ್ರು. ಕೇಕು ತಿಂದ ಮೇಲೆ ತಿರುಗಿ ಹೇಗೆ ಹೇಳೋದು, ಬದುಕಿದಾಳೆ ಅಂತ?

ಅದನ್ನ ಚೀಲಕ್ಕೆ ಯಾಕೆ ಹಾಕ್ತೀಯ? ಫೈಲಿನ ಕಾಗದ ಅದು... ಈನಿಡ್, ಎದ್ದೇಳು. ಅದು ಅವರ ಕುರ್ಚಿ ಅಂದ್ನಲ್ಲ! ಇಲ್ಲಿ ಯಾಕೆ ಕೂತೆ? ಗಡಿಯಾರ ಯಾಕೆ ನೋಡ್ತಿದೀಯ?

ಗುರುವಾರ. ನಾಲ್ಕಕ್ಕೆ ಇನ್ನು ಹತ್ತು ನಿಮಿಷ.

...ಕೊಡು. ಪೆನ್ನು ಕೊಡು. ಎಲ್ಲಿ, ಇಲ್ಲೇನಾ? ಕೆಳಗೂ ಒಂದಾ? ನಾರ್ಮನ್ ಹಾಕ್ಸ್‌ಗಿಲ್. ರೋಗಿಯೊಂದಿಗೆ ಸಂಬಂಧ... ಇದನ್ನೂ ನಾನೇ ಬರೀಬೇಕಾ?

‘ಗಂಡ.’ ಬರ್ದಾಯ್ತು. ಶನಿವಾರ ಹತ್ತು ಗಂಟೆ ಮೇಲೆ ಅವಳನ್ನ ಕರ್ಕೊಂಡು ಹೋಗ್ಬಹುದು.