ಶೆಲ್ಫಿಗೂ ಪೈಪಿಗೂ ಸಂಬಂಧವಿಲ್ಲ

...ಅಯ್ಯೋ, ಸುತ್ತಿಗೆ ತಗೊಂಡು ಮೇಲಿನ ಮನೆಗೆ ಹೋಗಿ ಅಂತ ಆಗ್ಲಿಂದ ಬಡ್ಕೋತಿದ್ದೀನಿ, ನೀವು ನನ್ನ ಶೆಲ್ಫನ್ನೇ ನೋಡ್ತಾ ನಿಂತಿದ್ದೀರಲ್ಲ ಪ್ಲಂಬರಣ್ಣ! ಗೋಡೆ ಒದ್ದೆ ಆಗಿರೋದು ಮೇಲಿನ ಅಜ್ಜಿಯ ಬಚ್ಚಲಿನಿಂದ. ಅವರೂ ಒಪ್ಪಿದ್ದಾರೆ, ಟೈಲ್ಸ್ ಒಡೀಲಿ ಅಂದಿದ್ದಾರೆ ಪಾಪ. ಲೆಕ್ಕದ ಮೇಡಂ ನಾನೇ ಹೇಳಿದ್ಮೇಲೆ ಮುಗೀತಲ್ಲ!

ಶೆಲ್ಫಾ? ಅದು... ಬಹಳ ದಿನದಿಂದ ಇದೆ. ಯಾಕೆ ನಗ್ತೀರಿ? ನನ್ನ ಕೂದಲಲ್ಲಾ? ಓ... ಚಾಕ್‌ಪೀಸ್ ಪುಡಿ! ಭಾನುವಾರ ಆದ್ರೇನು, ಸ್ಪೆಷಲ್ ಕ್ಲಾಸ್ ಇರಲ್ವಾ?

ನಂಬಿಕೆ ಇಲ್ದಿದ್ರೆ ಲೆಕ್ಕ ಕೇಳಿ. ಪೈಪ್ ಹಾಕಿಸಿದಾಗಲೇ ಈ ಗೋಡೆಯ ಹಿಂದಿರೋ ನಮ್ಮ ಬಚ್ಚಲಲ್ಲಿ ನಿಂತು ಅಳತೆ ಬರ್ಕೊಂಡಿದ್ದೆ. ಗೋಡೆಯೊಳಗೆ ಓರೆಯಾಗಿ ಹೋಗಿದೆ. ಎಡಮೂಲೆಯಿಂದ ಎರಡಡಿ, ನೆಲದಿಂದ ಮೂರಡಿ, ಅಲ್ಲಿ ಶುರು. ನಾಲ್ಕಡಿ, ಏಳಡಿ, ಅಲ್ಲಿ ಮುಗೀತು. ಶೆಲ್ಫು? ಎಡಮೂಲೆಯಿಂದ ಐದನೇ ಅಡಿಗೆ ಶುರು, ಎಂಟಕ್ಕೆ ಮುಗೀತು, ನೆಲದಿಂದ ಐದಡಿ ಎತ್ತರ. ಅಡಿಗೊಂದು ಸ್ಕ್ರೂ.

ಎರಡು ತುಂಡುಗೆರೆ ಒಂದನ್ನೊಂದು ದಾಟಬೇಕಾದ್ರೆ ಒಂದರ ತುದಿಗಳು ಇನ್ನೊಂದರ ಆಚೆ ಒಂದು, ಈಚೆ ಒಂದು ಇರ್ಬೇಕು. ಎರಡೂ ಕಡೆಯವರು ಒಪ್ಪಬೇಕು, ಹೆಣ್ಣು ಗಂಡಿನ ಮಾತುಕತೆ ಥರ! ಪೈಪಿನ ಒಂದು ತುದಿ ಶೆಲ್ಫಿನ ಕೆಳಗೆ, ಒಂದು ಮೇಲೆ. ಆ ಕಡೆ ಒಪ್ಪಿಗೆ. ಈಗ ಪೈಪಿನ ಗೆರೆ ನೋಡಿ, ಮೂಲೆಯಿಂದ ದೂರ ಎಕ್ಸ್, ನೆಲದಿಂದ ಎತ್ತರ ವೈ: ಎರಡು ಎಕ್ಸ್ ಮೈನಸ್ ವೈ ಮೈನಸ್ ಒಂದು. ಶೆಲ್ಫಿನ ಈ ತುದಿ ಹಾಕಿದ್ರೆ ನಾಲ್ಕು, ಆ ತುದಿ ಹಾಕಿದ್ರೆ ಹತ್ತು. ಎರಡೂ ಪ್ಲಸ್ಸು! ಎರಡೂ ಒಂದೇ ಪಕ್ಕ. ಅಂದ್ರೆ ಸಂಬಂಧ ಮುರೀತು, ಮುಟ್ಟೋದೇ ಇಲ್ಲ!

ಅರೆ, ಎಲ್ಲಿಗೆ ಹೊರಟ್ರಿ? ನಮ್ಮ ಬಚ್ಚಲಿಗಾ? ಹೂಂ, ಬಡೀರಿ, ಆ ಎಡಮೂಲೆಯಿಂದಲೇ ಅಳೆದದ್ದು... ಅಲ್ಲಾ... ಸದ್ದು ಇಲ್ಲಿ ಬಲಮೂಲೆಯಲ್ಲಿ ಯಾಕೆ ಬರ್ತಿದೆ?

ಥೂ! ಅಲ್ಲಿನ ಎಡ ಇಲ್ಲಿನ ಬಲ! ಹತ್ತಡಿ ಗೋಡೆ... ಎರಡು ಹೋಗಿ ಎಂಟು, ನಾಲ್ಕು ಹೋಗಿ ಆರು... ಐದಡಿ ಎತ್ತರದಲ್ಲಿ ಪೈಪು... ಏಳು. ಮೂರನೇ ಸ್ಕ್ರೂ.

ಬಂದ್ರಾ? ಬೈಯೋದಿದ್ರೆ ಬೈದ್ಬಿಡಿ...

ಇವತ್ತು ಬೆಳಿಗ್ಗೆ ಹೊಡೆದದ್ದು ಅಣ್ಣ, ಈ ಶೆಲ್ಫು. ನಾನೇ. ಮೂರನೇ ಸ್ಕ್ರೂ ಬಿಗಿಯುವಾಗ ಕೈಗೆ ಏನೋ ಗಟ್ಟಿಯಾಗಿ ಸಿಕ್ಕಿತ್ತು. ಕಲ್ಲು ಅಂದ್ಕೊಂಡೆ... ಇಲ್ಲ, ಕಲ್ಲೇ ಆಗಿರ್ಲಿ ಅಂದ್ಕೊಂಡೆ. ಲೆಕ್ಕ ಮಾಡಿದ್ದು ಆಮೇಲೆ.

ಸುತ್ತಿಗೆ ಕೆಳಗಿಡಿ. ಈ ಗೋಡೆ ಆಮೇಲೆ ಒಡೆಯೋಣ. ಮೊದಲು ಮೇಲೆ ಹೋಗಿ ಬರ್ತೀನಿ. ನಲ್ಲಿ ತಿರುಗಿಸ್ಬೇಡಿ ಅಂತ ಅಜ್ಜಿಗೆ ಹೇಳಿದ್ದೆ, ಅವರು ಇನ್ನೂ ಮುಖ ತೊಳೆದಿಲ್ಲ.