ದಕ್ಷಿಣದ ದಾರಿ ಆರಿಸಿಕೊಂಡವರು ಅವರೇ

ನನ್ನ ಹೆಸರು ಗೌಡೆನ್ಸಿಯಾ ಕೊಬೆಲೋ, ವಯಸ್ಸು ನಲವತ್ತಾರು, ಕಸುಬು ಸಫಾರಿ ಜೀಪಿನ ಚಾಲಕಿ, ವಾಸ ಮೊರೊಗೊರೊದ ಕಿಹೋಂಡಾದಲ್ಲಿ, ಬಾಡಿಗೆ ಕೋಣೆಯಲ್ಲಿ ಒಬ್ಬಳೇ. ಟಾಂಗಾ ಊರಿನ ಸಲೀಮು ಶೆಕಿಯೊಂಡೋ ಅವರನ್ನು ನಾನು ಪುಸಲಾಯಿಸಿ ಜನರಿಲ್ಲದ ಕಡೆಗೆ ಕರೆದೊಯ್ದೆನೆಂದು ಅವರ ತಮ್ಮ ಕೊಟ್ಟ ದೂರಿಗೆ ಉತ್ತರವಾಗಿ ಠಾಣೆಗೆ ಬಂದು ಹೇಳಿ ಬರೆಸುವುದೇನೆಂದರೆ:

ಮಂಗಳವಾರ ಬೆಳಿಗ್ಗೆ ಏಳಕ್ಕೆ ಸದರಿಯವರು ಮೊರೊಗೊರೊ ಬಸ್ ನಿಲ್ದಾಣದಲ್ಲಿ ನನ್ನ ಜೀಪು ಹತ್ತಿದರು. ಬಂದರಿನಲ್ಲಿ ಹಡಗು ಎಳೆಯುವ ದೋಣಿ ನಡೆಸಿ ನಿವೃತ್ತರಾದವರು. ಹಿಂದಿನ ಸೀಟು ಬೇಡವೆಂದು ನನ್ನ ಪಕ್ಕದಲ್ಲೇ ಕುಳಿತರು. ಯಾವ ಕಡೆಗೆ ಹೋಗುವುದೆಂದು ಅವರಿನ್ನೂ ತೀರ್ಮಾನಿಸಿರಲಿಲ್ಲ. ಉತ್ತರಕ್ಕೆ ಹೋಗುವಂತೆ ಹೇಳಿದವಳು ನಾನೇ. "ಯಜಮಾನ್ರೇ, ಆ ಕಡೆ ಹೋದ್ರೆ ನಾಲ್ಕು ಜನ ಸಿಗ್ತಾರೆ, ಸಂಜೆ ಮಾತಾಡೋಕೆ ಆಗುತ್ತೆ. ದಕ್ಷಿಣದಲ್ಲಿ ನೀವು, ನಾನು, ಧೂಳು ಅಷ್ಟೇ" ಎಂದೆ.

ಅವರು ತಮ್ಮ ಹೆಂಡತಿ ಮ್ವನೈದಿಗೆ ಉತ್ತರದ ದೊಡ್ಡ ಕಾಡುಗಳನ್ನು ನೋಡುವ ಆಸೆಯಿತ್ತೆಂದೂ, ತಮಗೆ ದಕ್ಷಿಣದ ರುವಾಹಾ ನದಿ ನೋಡಬೇಕೆಂದಿತ್ತೆಂದೂ, ಮದುವೆಯಾದಾಗಿನಿಂದ ಅದೇ ಜಗಳವಾಗಿ ಇಬ್ಬರೂ ಎಲ್ಲಿಗೂ ಹೋಗಲಿಲ್ಲವೆಂದೂ ತಿಳಿಸಿದರು. ಆಕೆ ಕಳೆದ ರಂಜಾನಿನಲ್ಲಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. "ಉತ್ತರಕ್ಕೆ ಹೋದ್ರೆ ಒಂದೊಂದು ಪ್ರಾಣಿ ಕಂಡಾಗಲೂ ಅವಳಿಗೆ ತೋರಿಸೋಕೆ ಪಕ್ಕಕ್ಕೆ ತಿರುಗ್ತೀನಮ್ಮ. ದಕ್ಷಿಣಕ್ಕೆ ಅವಳು ಹೇಗಿದ್ರೂ ಬರ್ತಿರ್ಲಿಲ್ಲ. ಅಲ್ಲಿ ಒಬ್ನೇ ಇದ್ರೆ ಅಭ್ಯಾಸ ಆದೀತು" ಎಂದರು. ನಾನು ದಕ್ಷಿಣಕ್ಕೆ, ಇರಿಂಗಾ ಕಡೆಗೆ ಗಾಡಿ ತಿರುಗಿಸಿದೆ.

ದಾರಿಯಲ್ಲಿ ನಾನು ಗುಂಡಿ ತಪ್ಪಿಸಿದಾಗಲೆಲ್ಲ, "ಏನಮ್ಮ, ಸಮುದ್ರ ನೋಡಿದವನಿಗೆ ಗುಂಡಿ ತೋರಿಸಿ ಹೆದರಿಸ್ತೀಯಾ?" ಎಂದು ಛೇಡಿಸುತ್ತಿದ್ದರು. "ಸಮುದ್ರದಲ್ಲಿ ಟಯರ್ ಒಡೆಯಲ್ಲ ಬಿಡಿ" ಎಂದೆ. ತುಂಬಾ ನಕ್ಕರು. ಪ್ರವಾಸಿಗರು ಒಂದು ಕಡೆ, ಗಂಡು ಚಾಲಕರು ಇನ್ನೊಂದು ಕಡೆ ಊಟಕ್ಕೆ ಕೂರುವುದರಿಂದ ನಾನು ಸಾಮಾನ್ಯವಾಗಿ ಗಾಡಿಯಲ್ಲೇ ಉಣ್ಣುವವಳು. ಅಂದು ಅವರು ಚಪಾತಿ, ಬೇಯಿಸಿದ ಮೊಟ್ಟೆಗಳನ್ನು ಬಾನೆಟ್ಟಿನ ಮೇಲೆ ಹರಡಿ, "ಬಾ, ಒಬ್ಬಳೇ ಯಾಕೆ ತಿಂತೀಯ" ಎಂದು ಕರೆದರು.

ಇರಿಂಗಾದಲ್ಲಿ ತಂಗಿದ್ದು ಬುಧವಾರ ಬೆಳಿಗ್ಗೆ ಹೊರಟೆವು. ಮುಂದೆ ದಾರಿ ಎರಡಾಗುತ್ತದೆ. ಎಡದ್ದು ತುಂಗಮಲೆಂಗಾ ಮುಂತಾದ ಹಳ್ಳಿಗಳ ಮೇಲೆ, ಬಲದ್ದು ಮನೆಮಠವಿಲ್ಲದೆ ನೇರ. ಎರಡೂ ಕಾಡಿನ ಬಾಗಿಲಿಗೇ ಸೇರುತ್ತವೆ. ಅಲ್ಲಿಯೂ ನಾನು ಕೇಳಿದೆ. ಬಲಕ್ಕೆ ಎಂದು ಅವರು ಕೈ ತೋರಿಸಿದರು.

ಹನ್ನೊಂದೂವರೆ ಸುಮಾರಿಗೆ ನದಿಯ ದಂಡೆಯಲ್ಲಿ ಎಂಜಿನ್ ನಿಲ್ಲಿಸಿದೆ. ಬೇರೆ ಗಾಡಿ ಇರಲಿಲ್ಲ. ಆನೆಗಳು ಒಣಗಿದ ಮರಳನ್ನು ಕಾಲಿನಿಂದ ಕೆದಕಿ ನೀರು ಕುಡಿಯುತ್ತಿದ್ದವು. ಒಂದು ಮರಿ ಗುಂಡಿಯೊಳಗೆ ಜಾರಿತು, ತಾಯಿ ಸೊಂಡಿಲಿನಿಂದ ಎತ್ತಿತು. ಸದರಿಯವರು ನನ್ನ ತೋಳು ಹಿಡಿದು ನನ್ನತ್ತ ತಿರುಗಿ, "ನೋಡೇ, ನೋಡೇ ಮ್ವನೈದಿ" ಎಂದರು. ನಾನು ಹೂಂ ಎಂದೆ. ಅವರು ಮತ್ತೆ ಮಾತಾಡಲಿಲ್ಲ. ನಾನು ಆನೆಗಳನ್ನೇ ನೋಡುತ್ತಿದ್ದೆ, ಅವರೂ ನೋಡುತ್ತಿದ್ದಾರೆಂದೇ ತಿಳಿದಿದ್ದೆ. ಹಿಡಿತ ಸಡಿಲವಾದ ಮೇಲೆಯೇ ನನಗೆ ತಿಳಿದದ್ದು.

ಕೂಡಲೇ ಅರಣ್ಯ ಕಾವಲಿನವರ ಠಾಣ್ಯಕ್ಕೆ ಓಡಿಸಿದೆ. ಅಲ್ಲಿನ ಆರೋಗ್ಯ ಸಹಾಯಕರು ನೋಡಿ, ಎದೆಬಡಿತ ನಿಂತಿದೆ, ಜೀವ ಹೋಗಿದೆ ಎಂದು ಹೇಳಿ, ಇರಿಂಗಾದ ಆಸ್ಪತ್ರೆಗೆ ಒಯ್ಯಲು ತಿಳಿಸಿದರು. ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟೆ.

ವಾಪಸು ಬರುವಾಗ ನೇರ ದಾರಿ ಬಿಟ್ಟು ಹಳ್ಳಿಯ ದಾರಿ ಯಾಕೆ ಹಿಡಿದೆ ಎಂದು ಸಾಹೇಬರು ಕೇಳಿದ್ದಕ್ಕೆ ನನ್ನ ಉತ್ತರ: ಅವರನ್ನು ಮತ್ತೆ ಆ ಖಾಲಿ ದಾರಿಯಲ್ಲಿ ಒಯ್ಯಲು ಮನಸ್ಸಾಗಲಿಲ್ಲ. ನನಗೂ ಆಗುತ್ತಿರಲಿಲ್ಲ.

ತುಂಗಮಲೆಂಗಾದಲ್ಲಿ ನೀರಿಗೆಂದು ನಿಲ್ಲಿಸಿದಾಗ ಹೆಂಗಸರು ಸುತ್ತ ಸೇರಿದರು. ಒಬ್ಬಾಕೆ ತಾನು ಹೊದ್ದಿದ್ದ ಕಾಂಗಾ ತೆಗೆದು ಅವರಿಗೆ ಹೊದಿಸಿದಳು. ಇನ್ನೊಬ್ಬಾಕೆ ನನ್ನ ಮುಖ ತೊಳೆಸಿ, "ಅಳು ತಾಯಿ, ಅತ್ತುಬಿಡು. ನಿನಗೇನಾಗಬೇಕು ಇವರು?" ಎಂದು ಕೇಳಿದಳು. ನನ್ನ ಸೋದರಮಾವ ಎಂದೆ.

ಆ ಮಾತೊಂದು ಸುಳ್ಳು. ಅದನ್ನು ಬಿಟ್ಟು ಇಲ್ಲಿ ಹೇಳಿದ್ದೆಲ್ಲ ನಿಜ. ಬರೆದದ್ದನ್ನು ಓದಿಸಿ ಕೇಳಿ ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಇರಿಂಗಾ
ದಿನಾಂಕ: 17 ಆಗಸ್ಟ್ 2019
(ರುಜು) ಗೌಡೆನ್ಸಿಯಾ ಕೊಬೆಲೋ