ಇನೆಲಿಜಿಬಲ್ ಅಲ್ಲ, ಇಲ್ಲೆಜಿಬಲ್

ಜರಗನಹಳ್ಳಿ ಬಸ್ ಸ್ಟಾಪಲ್ಲಿ ನನ್ನ ಪಕ್ಕ ನಿಂತಿದ್ದ ಹೆಂಗಸು, ವಾಪಸ್ ಬಂದ ಅರ್ಜಿಯೊಂದನ್ನು ಗಂಡನ ಮುಂದೆ ಹಿಡಿದರು.

“ಇದ್ರಲ್ಲಿ ಬರ್ದಿರೋದು ನೀವು ಓದಿದ ಹಾಗೆ ‘ಇನೆಲಿಜಿಬಲ್’ ಅಲ್ವಂತೆ, ‘ಇಲ್ಲೆಜಿಬಲ್’ ಅಂತೆ. ಎದುರುಮನೆ ಸ್ಪಂದನಾ ಓದಿ ಹೇಳಿದ್ಲು.”

“ಎರಡೂ ಒಂದೇ ಅಲ್ವಾ, ಲತಾ?”

“ಒಂದು, ನಂಗೆ ಅರ್ಹತೆ ಇಲ್ಲ ಅಂತ. ಇನ್ನೊಂದು, ಅಕ್ಷರ ಓದೋಕಾಗ್ತಿಲ್ಲ ಅಂತ. ಅದೂ ನಿಮ್ಮ ಅಕ್ಷರ.”

“ನೀಟಾಗಿ ಬರ್ದು ಮತ್ತೆ ಕೊಡೋಣ ಬಿಡು.”

“ನಿನ್ನೆಗೇ ಡೇಟ್ ಮುಗೀತು ರೀ!”

“ನೋಡೋಕೆ ಒಂದೇ ಥರ ಇದೆ, ನಂಗೇನು ಗೊತ್ತು?”

“ಗೊತ್ತಿಲ್ದಿದ್ರೆ ಯಾರನ್ನಾದ್ರೂ ಕೇಳ್ಬೇಕಿತ್ತು. ‘ನಲವತ್ತಾದ್ಮೇಲೆ ನಿಂಗ್ಯಾರು ಹಾಸ್ಟೆಲಲ್ಲಿ ಕೆಲಸ ಕೊಡ್ತಾರೆ’ ಅಂತ ನಕ್ಕುಬಿಟ್ರಿ. ನಾನೂ ನಂಬ್ಕೊಂಡು ಅತ್ಬಿಟ್ಟೆ.”

ಬಸ್ ಬಂತು.

“ಈಗೆಲ್ಲಿಗೆ?”

“ಅರ್ಜಿ ಕೊಟ್ಟ ಆಫೀಸಿಗೆ. ಆಗಲ್ಲ ಅಂತ ಅವ್ರೇ ಹೇಳ್ಲಿ.”

ಅವರು ಹತ್ತಿದರು. ಗಂಡ ಸ್ಟಾಪಲ್ಲೇ ಉಳಿದರು.